ಬಾಂಬರ್ ಪೈಲಟ್‌ನ ‘ಟೂರ್’ಗೆ ‘ತಿರುಗಾಟ’ ಎನ್ನಬಹುದೇ?

ಗೆಳೆಯರೇ, ನಮಸ್ಕಾರ.

ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಪೈಲಟ್‌ಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಇಲ್ಲಿ ಉಡುಪಿಯ ಕಾಲೇಜು ಹುಡುಗರು ಓದಲಿ ಅಂತ. ತರಬೇತಿಯ ಭಾಗ ಸಲೀಸಾಗಿ ಬಂತು. ಟೈಗರ್ ಮಾತ್ ಎಂಬ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಮೊದಲ ಪಾಠ, ಆಮೇಲೆ ಒಂಟಿ ಹಾರಾಟ, ಮುಂದೆ ಎರಡು ಎಂಜಿನ್ನಿನ ವಿಮಾನ, ಕೊನೆಗೆ ನಾಲ್ಕು ಎಂಜಿನ್ನಿನ ಲ್ಯಾಂಕಾಸ್ಟರ್, ಏಳು ಜನರ ತಂಡ. ಇದಕ್ಕೆಲ್ಲ ಮಾತು ಸಿಗುತ್ತದೆ. ತೊಡಕು ಶುರುವಾದದ್ದು ಅವರು ಯುದ್ಧಕ್ಕೆ ಹೊರಟ ಮೇಲೆ.

ಮೊದಲು ‘ದಾಳಿ’. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ಕಡೆಗೆ 791 ವಿಮಾನಗಳು ಹೊರಟವು. ನಮಗೆ ಅದು ಒಂದು ದಾಳಿ. ವಾಯುಪಡೆಯ ಲೆಕ್ಕದಲ್ಲಿ 791 ಸಾರ್ಟಿ, ಅಂದರೆ ಒಂದೊಂದು ವಿಮಾನ ಹೋಗಿಬಂದದ್ದೂ ಒಂದೊಂದು ಲೆಕ್ಕ. ‘ಅವನು 30 ದಾಳಿ ಮಾಡಿದ’ ಎಂದು ಬರೆದರೆ ಅಷ್ಟನ್ನೂ ಅವನೊಬ್ಬನೇ ಮಾಡಿದ ಹಾಗೆ ಕೇಳುತ್ತದೆ, ಅಲ್ವಾ? ಇನ್ನೊಂದು ತೊಂದರೆಯೂ ಇದೆ. 1944ರಲ್ಲಿ ಕೆಲವು ವಾರ, ಫ್ರಾನ್ಸಿನ ಗುರಿಗಳು ಸುಲಭ ಎಂದುಕೊಂಡು, ಅಲ್ಲಿಗೆ ಒಮ್ಮೆ ಹೋಗಿಬಂದದ್ದನ್ನು ಪೈಲಟ್‌ನ ಲೆಕ್ಕಕ್ಕೆ ಒಂದು ದಾಳಿಯ ಮೂರರಲ್ಲೊಂದು ಪಾಲು ಎಂದು ಮಾತ್ರ ಎಣಿಸುತ್ತಿದ್ದರು. ಮೇ 3ರ ರಾತ್ರಿ ಫ್ರಾನ್ಸಿನ ಮೈಯಿ-ಲ-ಕಾಂ ಮೇಲಿನ ದಾಳಿಯಲ್ಲಿ 42 ಲ್ಯಾಂಕಾಸ್ಟರ್‌ಗಳು ನಾಶವಾದವು. ಆಮೇಲೆ ಆ ನಿಯಮ ಬಿಟ್ಟರು. ಇಂಥ ಕಡೆ ‘ದಾಳಿ’ಯನ್ನು ಮೂರು ಪಾಲು ಮಾಡುವುದು ಹೇಗೆ? ಹಾಗಾಗಿ ಒಬ್ಬ ಪೈಲಟ್ ಹೋಗಿಬರುವುದಕ್ಕೆ ‘ದಾಳಿ ಹಾರಾಟ’ ಎಂದಿಟ್ಟಿದ್ದೇನೆ.

ನಿಜವಾದ ಪ್ರಶ್ನೆ ‘ಟೂರ್’ನದ್ದು. ಇಂಥ 30 ಹಾರಾಟ ಮುಗಿದರೆ ಒಂದು ಟೂರ್ ಮುಗಿಯಿತು. ಆಮೇಲೆ ಸುಮಾರು ಆರು ತಿಂಗಳು ಯುದ್ಧದಿಂದ ಬಿಡುವು. ಆ ಬಿಡುವಿನಲ್ಲೂ ಎಷ್ಟೋ ಜನ ಹೊಸಬರಿಗೆ ಕಲಿಸುತ್ತಿದ್ದರು. ಎರಡನೇ ಟೂರ್ 20 ಹಾರಾಟದ್ದು. ‘ಪ್ರವಾಸ’ ಎನ್ನಲು ಮನಸ್ಸೇ ಬರುವುದಿಲ್ಲ. ‘ಪಾಳಿ’ ಒಂದು ದಿನದ ಕೆಲಸಕ್ಕೆ ಸರಿ. ‘ಅವಧಿ’ ಎಂದರೆ ದಿನ ಲೆಕ್ಕ ಹಾಕಿದಂತೆ, ಇಲ್ಲಿ ಲೆಕ್ಕ ಹಾರಾಟದ್ದು.

ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳದ್ದು ‘ತಿರುಗಾಟ’. ದೀಪಾವಳಿ ಕಳೆದ ಮೇಲೆ ಹೊರಟು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ, ರಾತ್ರಿಯ ಕೆಲಸ, ಊರಿಂದೂರಿಗೆ, ಅದೇ ತಂಡ. ಕಲಾವಿದರು ತಮ್ಮ ಅನುಭವ ಹೇಳುವುದೂ ಎಷ್ಟು ತಿರುಗಾಟ ಎಂಬ ಲೆಕ್ಕದಲ್ಲೇ. ‘ಮೊದಲ ತಿರುಗಾಟ ಮುಗಿಸಿ ಎರಡನೆಯದಕ್ಕೆ ಹೊರಟ’ ಎಂದರೆ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನನಗೆ ಇದೇ ಸರಿ ಅನಿಸುತ್ತದೆ.

ಆದರೂ ಎರಡು ಅಳುಕು. ಘಟ್ಟದ ಮೇಲೆ ತಿರುಗಾಟ ಅಂದರೆ ಸುಮ್ನೆ ಅಲೆಯುವುದು. ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,500ಕ್ಕೂ ಜಾಸ್ತಿ ಮಂದಿ ಸತ್ತರು. ಅವರ ಬಗ್ಗೆ ಓದುವಾಗ ‘ಅಲೆದಾಟ’ದ ಅರ್ಥ ಸುಳಿದರೂ ಅದು ಅವರಿಗೆ ಮಾಡುವ ಅನ್ಯಾಯ. ಎರಡನೆಯದು, ಮೇಳದ ತಿರುಗಾಟದಲ್ಲಿ ಹಬ್ಬದ ಸಂಭ್ರಮ ಇದೆ. ಈ ಹುಡುಗರಿಗೆ ಮೂವತ್ತನೆಯ ಹಾರಾಟದ ತನಕ ಬದುಕಿರುತ್ತೇವೆ ಎಂಬ ಭರವಸೆಯೇ ಇರಲಿಲ್ಲ.

‘ಯುದ್ಧ ತಿರುಗಾಟ’ ಎಂದು ಜೋಡಿಸಿದರೆ ಮೈಸೂರು, ಧಾರವಾಡ, ಕಲಬುರಗಿ ಕಡೆಯವರಿಗೆ ಹೇಗೆ ಕೇಳುತ್ತದೆ? ಸೈನ್ಯದಲ್ಲಿದ್ದ ಕನ್ನಡಿಗರು ಮನೆಯಲ್ಲಿ ಮಾತಾಡುವಾಗ ‘ಟೂರ್’ಗೆ ಬೇರೆ ಏನಾದರೂ ಹೇಳುತ್ತಾರಾ? ದಯವಿಟ್ಟು ತಿಳಿಸಿ.