ಮಗಳಿಗೆ ಟ್ಯಾಬ್ ಕೊಡಲೋ ಬೇಡವೋ? ನಿಮ್ಮ ಮನೆಯಲ್ಲಿ ಏನಾಯ್ತು ಹೇಳಿ

ಮಗಳಿಗೆ ನಾಲ್ಕೂವರೆ ವರ್ಷ. ಮೈಸೂರಿನಲ್ಲಿದ್ದೇವೆ. ನಮ್ಮ ಯಜಮಾನರು ಹಳೇ ಟ್ಯಾಬ್ ಒಂದನ್ನು ಅವಳಿಗೇ ಅಂತ ಸರಿಮಾಡಿ ಇಟ್ಟಿದ್ದಾರೆ, ಅತ್ತೆ "ಮುಟ್ಟಿಸಿದರೆ ನೋಡು" ಅನ್ನುತ್ತಾರೆ. ಆಟದ ಥರ ಫೋನು, ಕಂಪ್ಯೂಟರ್ ಇದನ್ನೆಲ್ಲ ಕಲಿಸಿದವರು ಇದ್ದರೆ ನಿಮ್ಮ ಅನುಭವ ಹೇಳಿ. ಭಾಷಣ ಬೇಡ, ಅದು ಮನೆಯಲ್ಲೇ ಸಿಗುತ್ತದೆ.

ಹಾಸನದಿಂದ, ಆರು ವರ್ಷದವನ ಅಮ್ಮ

ನಮ್ಮವನು ಮೊದಲು ಕಲಿತದ್ದು ಫೋನಿನಿಂದಲ್ಲ, ಬೀದಿಯ ದಿನಸಿ ಅಂಗಡಿಯಿಂದ. ಮೂರೂವರೆ ಇದ್ದಾಗ ಸದಾ ಅಂಗಡಿ ಆಟ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಕಪ್ಪು ಚೌಕ ಗೀಚಿ ಕ್ಯೂಆರ್ ಕೋಡ್ ಮಾಡಿಕೊಂಡಿದ್ದ. ನಾನು ಸೋಪಿನ ಡಬ್ಬಿ ಹಿಡಿದು ಸ್ಕ್ಯಾನ್ ಮಾಡಬೇಕು, ಅವನು ದಪ್ಪ ದನಿಯಲ್ಲಿ "ಇಪ್ಪತ್ತು ರೂಪಾಯಿ ಬಂದಿದೆ" ಅಂತ ಕೂಗಬೇಕು. ಒಂದು ದಿನ ನಾನು ಸ್ಕ್ಯಾನ್ ಮಾಡಿ ಹೊರಟರೆ, "ನಿಲ್ಲಮ್ಮ, ಇನ್ನೂ ಕೂಗಿಲ್ಲ, ದುಡ್ಡು ಬಂದಿಲ್ಲ" ಅಂದ! ದುಡ್ಡು ಕಣ್ಣಿಗೆ ಕಾಣದೇ ಹೋಗುತ್ತದೆ, ಹೋಗಿ ಸೇರಿದ್ದು ಖಾತ್ರಿ ಆಗಬೇಕು ಅನ್ನೋದು ಅವನಿಗೆ ಹೊಳೆದಿತ್ತು. ನಾನು ಹೇಳಿಕೊಟ್ಟದ್ದಲ್ಲ. ಟ್ಯಾಬ್‌ಗೆ ಮೊದಲು ಒಂದು ರಟ್ಟಿನ ಪೆಟ್ಟಿಗೆ, ಸ್ಕೆಚ್ ಪೆನ್ ಕೊಟ್ಟು ನೋಡಿ.

ಬೆಂಗಳೂರಿನಿಂದ, ಒಬ್ಬ ಅಪ್ಪ

ನಾನು ಸಾಫ್ಟ್‌ವೇರ್‌ನವನು, ಹಾಗಾಗಿ ಅವಸರ ನನಗೇ ಜಾಸ್ತಿ. ಐದು ತುಂಬುತ್ತಲೇ ಮಗಳಿಗೆ ಸ್ಕ್ರ್ಯಾಚ್ ಜೂನಿಯರ್ ಹಾಕಿಕೊಟ್ಟೆ. ಅಮೆರಿಕದ ಎಂಐಟಿ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯದವರೆಲ್ಲ ಸೇರಿ 2014ರಲ್ಲಿ ತಂದ, ಕೋಡಿಂಗ್ ಕಲಿಸುವ ಉಚಿತ ಆ್ಯಪ್, 5ರಿಂದ 7 ವರ್ಷದವರಿಗೆ. ಓದಲು ಬರಲೇಬೇಕಂತಿಲ್ಲ. ಬಾಣದ ಗುರುತಿರುವ ತುಂಡುಗಳನ್ನು ಸಾಲಾಗಿ ಜೋಡಿಸಿ ಹಸಿರು ಬಾವುಟ ಒತ್ತಿದರೆ ಬೆಕ್ಕು ನಡೆಯುತ್ತದೆ. ನಾನು ಕಲಿಸಲು ಕೂತ ಎರಡು ದಿನವೂ ಅವಳು ಆಕಳಿಸಿದಳು. ಮೂರನೇ ದಿನ ನಾನು ಬೇಜಾರಾಗಿ ಎದ್ದು ಹೋದೆ, ವಾಪಸ್ ಬಂದು ನೋಡಿದರೆ ತಾನೇ ಒಂದು ತಟ್ಟೆ ಬರೆದು, ತನ್ನ ದನಿಯಲ್ಲೇ "ಬಾರೋ ಊಟಕ್ಕೆ" ಅಂತ ರೆಕಾರ್ಡ್ ಮಾಡಿ, ಬೆಕ್ಕು ತಟ್ಟೆ ದಾಟಿ ಹೋಗುತ್ತಿದೆ ಅಂತ ಹೆಜ್ಜೆ ಎಣಿಸುತ್ತಾ ಕೂತಿದ್ದಳು.

ಅದಕ್ಕಿಂತ ಹಿಡಿಸಿದ್ದು ರೋಬೋಟ್ ಆಟ. ಖರ್ಚೇ ಇಲ್ಲ. ನಾನು ರೋಬೋಟ್, ಹಾಲ್‌ನ ಟೈಲ್ಸ್ ಆಟದ ಮನೆಗಳು, ಕುಂಟೆಬಿಲ್ಲೆಯ ಥರ. ಅವಳು "ಮೂರು ಮುಂದೆ, ಬಲಕ್ಕೆ ತಿರುಗು" ಅನ್ನಬೇಕು, ಹೇಳಿದ್ದಷ್ಟೇ ನಾನು ಮಾಡಬೇಕು. ಸೋಫಾ ಬಂದರೂ ನಿಲ್ಲುವಂತಿಲ್ಲ, ನಿಲ್ಲು ಅಂದಿಲ್ಲವಲ್ಲ! ನಾನೇನೂ ಕಂಡುಹಿಡಿದದ್ದಲ್ಲ ಇದು. ಗಣಿತಜ್ಞ ಸೀಮೊರ್ ಪ್ಯಾಪರ್ಟ್ ಮತ್ತವರ ಜೊತೆಗಾರರು ಮಕ್ಕಳಿಗಾಗಿ ಮಾಡಿದ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಹುಟ್ಟಿದ್ದು 1967ರಲ್ಲಿ, ಅದರಲ್ಲಿ ಬರುವ ಆಮೆಯನ್ನು ಓಡಿಸುವುದೂ ಹೀಗೇ. ನಿಮ್ಮ ಮಗಳಿಗೆ ನಾಲ್ಕೂವರೆ ಅಂದಿರಿ, ಆ್ಯಪ್‌ಗಿಂತ ಇದೇ ಸರಿ.

ಹುಬ್ಬಳ್ಳಿಯಿಂದ, ಅಜ್ಜಿ

ಮೊಮ್ಮಗ ಪುಣೆಯಲ್ಲಿ. ವಿಡಿಯೋ ಕಾಲ್‌ನಲ್ಲೇ ನಮ್ಮಿಬ್ಬರ ಕಣ್ಣಾಮುಚ್ಚಾಲೆ. ಕ್ಯಾಮೆರಾ ತಿರುಗಿಸಿ ಕಿಟಕಿ ಪರದೆ ತೋರಿಸುತ್ತಾನೆ, "ಅಜ್ಜಿ, ನಾ ಎಲ್ಲಿದ್ದೀನಿ ಹೇಳು" ಅಂತಾನೆ. ಕ್ಯಾಮೆರಾ ತಿರುಗಿಸುವುದನ್ನು ನನಗೆ ಕಲಿಸಿದ್ದೂ ಅವನೇ ನೋಡ್ರಿ.

ಶಿವಮೊಗ್ಗದಿಂದ

ನಾನು ಮಾಡಿದ ತಪ್ಪು ಹೇಳುತ್ತೇನೆ. ಅಡುಗೆ ಮುಗಿಯಲಿ ಅಂತ ಸುಮ್ನೆ ಫೋನ್ ಕೈಗೆ ಕೊಡುತ್ತಿದ್ದೆ. ಒಂದು ವಿಡಿಯೋ ಮುಗಿದರೆ ಇನ್ನೊಂದು ತಾನೇ ಶುರು, ಹುಡುಗ ಏನೂ ಒತ್ತುತ್ತಲೂ ಇರಲಿಲ್ಲ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕಿತ್ತುಕೊಂಡರೆ ರಂಪ. ಒಮ್ಮೆ ಆಫೀಸ್ ಗ್ರೂಪ್‌ಗೆ ಎಂಟು ವಾಯ್ಸ್ ಮೆಸೇಜ್ ಹೋಗಿತ್ತು, ಎಲ್ಲದರಲ್ಲೂ ಕುಕ್ಕರ್ ಸೀಟಿ. ಈಗ ಆ್ಯಪ್ ಪಿನ್ ಮಾಡಿಯೇ ಕೊಡುತ್ತೇನೆ, ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲೇ ಇದೆ, ಪಿನ್ ತೆಗೆಯುವ ತನಕ ಆ ಆ್ಯಪ್ ಬಿಟ್ಟು ಬೇರೆ ಕಡೆ ಹೋಗಲಾಗುವುದಿಲ್ಲ. ಪಕ್ಕದಲ್ಲೇ ಕೂರುತ್ತೇನೆ. ಹೊತ್ತಿನ ಲೆಕ್ಕ ಬೇಕಿದ್ದರೆ, 2ರಿಂದ 4 ವರ್ಷದವರಿಗೆ ಕೂತು ನೋಡುವ ಸ್ಕ್ರೀನ್ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ಅರ್ಧ ಗಂಟೆ, ಅದೂ ದಿನಾ ಅಲ್ಲ.

ಕೇಳಿದವಳೇ ಮತ್ತೆ

ನಿನ್ನೆ ಸಂಜೆ ರೋಬೋಟ್ ಆಟ ಆಡಿಸಿದೆ. ನಾನು ಕಸ ಗುಡಿಸುತ್ತಿದ್ದೆ, ಹಾಗಾಗಿ ರೋಬೋಟ್ ಆಗಿದ್ದು ಅತ್ತೆ. ನಿಲ್ಲು ಅನ್ನುವುದನ್ನು ಮಗಳು ಮರೆತಳು, ಅತ್ತೆ ದೇವರ ಕೋಣೆಯ ಬಾಗಿಲಿಗೆ ತಾಗುವ ತನಕ ನಡೆದರು, ಆಮೇಲೆ ಅವಳಿಗೇ ಬೈದರು, "ಸರಿಯಾಗಿ ಎಣಿಸಿ ಹೇಳೇ" ಅಂತ. ಟ್ಯಾಬ್ ಇನ್ನೂ ಬೀರು ಮೇಲೇ ಇದೆ. ಇವತ್ತು ಸ್ಕೂಲಿನಿಂದ ಬಂದವಳು ಅದನ್ನು ಕೇಳಲಿಲ್ಲ, ಅಜ್ಜಿ ಎಲ್ಲಿ ಅಂದಳು.