ಪದಚರ್ಚೆ: ಬೇರೆ ಗಾಡಿಯ ಇಂಜಿನ್ ಹಾಕುವುದಕ್ಕೆ ಏನನ್ನಬೇಕು?

ಎಲ್ಲರಿಗೂ ಗೋಣಿಕೊಪ್ಪದಿಂದ ನಮಸ್ಕಾರ.

ನಮ್ಮ ಹಳೆಯ ಓಮ್ನಿಯಲ್ಲಿ ಮಂಚ, ಒಲೆ, ನೀರಿನ ಟ್ಯಾಂಕು ಮಾಡಿಸಿ ಊರೂರು ಸುತ್ತುವ ಗಾಡಿ ಮಾಡಿಕೊಂಡಿದ್ದೇವೆ. ಇಷ್ಟೂ ಭಾರ ಹೊತ್ತು ಸಂಪಾಜೆ ಘಾಟಿ ಹತ್ತಬೇಕು. ಅದಕ್ಕೇ 796 ಸಿಸಿ ಇಂಜಿನ್ ಇಳಿಸಿ ಈಕೋ ವ್ಯಾನಿನ 1196 ಸಿಸಿಯದನ್ನು ಹಾಕಿಸಲು, ಇಂಥ ಕೆಲಸವನ್ನೇ ಮಾಡುವ ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಚೀಟಿ ಬರೆದವನು ನಾನೇ: ‘ಇಂಜಿನ್ ಬದಲಾವಣೆ, ಒಟ್ಟು ಮೊತ್ತ ಇಷ್ಟು.’ ಅರ್ಧ ಹಣ ಮುಂಗಡ ಕೊಟ್ಟೆ. ಗಾಡಿ ತರಲು ಹೋದರೆ ಮೌಂಟು (ಇಂಜಿನ್ ಹೊರುವ ಆಧಾರ), ರೇಡಿಯೇಟರ್, ವೈರಿಂಗ್ ಎಲ್ಲಕ್ಕೂ ಬೇರೆ ಲೆಕ್ಕ. ‘ನೀವು ಬರೆದದ್ದು ಬದಲಾವಣೆ ಮಾತ್ರ ಸಾರ್’ ಎಂದರು.

ಹಣ ತೆತ್ತು ಬಂದೆ. ಪದ ಮಾತ್ರ ಇನ್ನೂ ಕಾಡುತ್ತಿದೆ. ಕೆಟ್ಟ ಇಂಜಿನ್ ತೆಗೆದು ಅದೇ ಜಾತಿಯದನ್ನು ಹಾಕಿದರೂ ಬದಲಾವಣೆ, ಬೇರೆ ಗಾಡಿಯದನ್ನು ತಂದು ಅದಕ್ಕೆ ಜಾಗ ಮಾಡಿ, ವೆಲ್ಡ್ ಹೊಡೆದು, ತಂತಿ ಹೊಸದಾಗಿ ಎಳೆದರೂ ಬದಲಾವಣೆ. ಎರಡಕ್ಕೂ ಒಂದೇ ಮಾತು ಸಾಲದು.

‘ಪರಿವರ್ತನೆ’ ಎನ್ನೋಣವೆಂದರೆ ನಮ್ಮ ಕಡೆ ಅದು ಜಮೀನಿನ ಮಾತು. ‘ಕನ್ವರ್ಷನ್ ಆಗಿದೆಯಾ?’ ಎಂದರೆ ಗದ್ದೆ ಸೈಟಾಗಿದೆಯೇ ಎಂದೇ ಅರ್ಥ. ‘ಮಾರ್ಪಾಡು’ ಕಾನೂನಿನ ಕಾಗದಕ್ಕೆ ಒಪ್ಪುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಬರುವುದು ಆ ವಿಷಯವೇ, ಆರ್‌ಸಿಯಲ್ಲಿ ನಮೂದೂ ಆಗಬೇಕು. ಬಿಲ್ಲಿಗೆ ಅದು ತೀರಾ ಸಡಿಲ.

ನನಗೆ ಮೊದಲು ಹೊಳೆದದ್ದು ‘ಕಸಿ’. ಹಿಪ್ಪಲಿ ಬುಡಕ್ಕೆ ಕರಿಮೆಣಸು ಕಸಿ ಕಟ್ಟುತ್ತೇವಲ್ಲ, ಬುಡ ಒಂದು ಜಾತಿ, ಬಳ್ಳಿ ಇನ್ನೊಂದು. ‘ಇಂಜಿನ್ ಕಸಿ’ ಎಂದರೆ ತೋಟದವರಿಗೆ ಥಟ್ಟನೆ ತಿಳಿಯುತ್ತದೆ. ಆದರೆ ಪತ್ರಿಕೆಗಳ ‘ಮೂತ್ರಪಿಂಡ ಕಸಿ’ ಓದಿ ಬೆಳೆದವರಿಗೆ ಮೂತ್ರಪಿಂಡದ ಬದಲಿಗೆ ಮೂತ್ರಪಿಂಡವೇ ಬರುವುದು ನೆನಪಾಗುತ್ತದೆ. ಹಾಗಾದರೆ ಮತ್ತೆ ‘ಬದಲಾವಣೆ’ಗೇ ಬಂದು ನಿಂತಂತಾಯಿತು.

ಗ್ಯಾರೇಜಿನವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ‘ಕೂರಿಸು’. ಎಸ್ಟೇಟಿನ ಪೆಟ್ರೋಲ್ ಜೀಪುಗಳಿಗೆ ಹಿಂದೆ ಡೀಸೆಲ್ ಇಂಜಿನ್ ಹಾಕಿಸುತ್ತಿದ್ದ ಹಿರಿಯರು ‘ಡೀಸೆಲ್ ಕೂರಿಸಿದ ಜೀಪು’ ಎಂದೇ ಹೇಳುವುದು. ಉಂಗುರಕ್ಕೆ ಹರಳು ಕೂರಿಸುವುದೂ ಇದೇ ಕೂರಿಸುವುದು. ಹರಳಿಗೆ ತಕ್ಕಂತೆ ಮನೆ ಮಾಡದೆ ಅಕ್ಕಸಾಲಿಗ ಅದನ್ನು ಕೂರಿಸುವುದೆಲ್ಲಿ? ಮನೆ ಮಾಡುವ ಕೆಲಸವೂ ಅವನ ಮಜೂರಿಯಲ್ಲೇ ಸೇರಿರುತ್ತದೆ. ನಾನು ಚೀಟಿಯಲ್ಲಿ ‘ಈಕೋ ಇಂಜಿನ್ ಕೂರಿಸಿ ಓಡಿಸಿ ಕೊಡುವುದು’ ಎಂದು ಬರೆದಿದ್ದರೆ ಮೌಂಟಿಗೂ ವೈರಿಂಗಿಗೂ ಬೇರೆ ದುಡ್ಡು ಕೇಳುವುದು ಅವರಿಗೂ ಕಷ್ಟವಾಗುತ್ತಿತ್ತು.

ತೊಡಕು ಇರುವುದು ನಾಮಪದದಲ್ಲಿ. ‘ಕೂರಿಸುವಿಕೆ’ ಎಂದು ಯಾರೂ ಬಿಲ್ಲು ಬರೆಯುವುದಿಲ್ಲ. ‘ಜೋಡಣೆ’ ಎಂದರೆ ಬಿಚ್ಚಿದ್ದನ್ನು ಮತ್ತೆ ಸೇರಿಸಿದಂತಾಗುತ್ತದೆ. ಹಾಸನ, ಮಂಗಳೂರು, ಹುಬ್ಬಳ್ಳಿ ಕಡೆಯ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಬಿಲ್ಲಿನಲ್ಲಿ ಏನೆಂದು ಬರೆಯುತ್ತಾರೆ? ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ, ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಉಪಕಾರ.