ಕಾಲೇಜಿಗೆ ಹಾರರ್ ಟ್ರೇಲರ್ ಮಾಡಬೇಕು, ಅನುಭವ ಹೇಳಿ

ಕೊನೇ ಸೆಮ್: ಪತ್ರಿಕೋದ್ಯಮದ ಪ್ರಾಜೆಕ್ಟಿಗೆ ಎರಡು ನಿಮಿಷದ ಹಾರರ್ ಟ್ರೇಲರ್ ಮಾಡಬೇಕು. ಸಿನಿಮಾ ಇಲ್ಲ, ಟ್ರೇಲರ್ ಮಾತ್ರ. ಶೂಟಿಂಗ್‌ಗೆ ಮುಂಚೆ ಬೇರೆ ಟ್ರೇಲರ್‌ಗಳಲ್ಲಿ ನೀವು ಏನೇನು ಗಮನಿಸಿದಿರಿ? ನಮ್ಮ ಹತ್ತಿರ ಇರುವುದು ಫೋನ್ ಕ್ಯಾಮೆರಾ.

ಮಳೆಹುಡುಗಿ: ಸಿನಿಮಾ ಇಲ್ಲದಿದ್ದರೆ ಖರ್ಚು ಕಮ್ಮಿ ಅಂತ ನಮಗೂ ಹೇಳಿದ್ದರು. ಆದರೆ ಪ್ರತಿ ಶಾಟ್ ಬೇರೆ ಬೇರೆ ಸೀನಿನದು ಅನ್ನಿಸಬೇಕಲ್ವಾ? ಅಂದರೆ ಬೇರೆ ಜಾಗ, ಬೇರೆ ಬಟ್ಟೆ, ಬೇರೆ ಹೊತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಳೇ ತೊಟ್ಟಿ ಮನೆಗೆ ದಿನಕ್ಕೆ 4,000. ಲೈಟಿಗೆ 2,500. ಜನರೇಟರ್ 3,000, ಡೀಸೆಲ್ ಬೇರೆ. ಮಳೆ ಹಿಡಿಯಿತು, ಶೂಟಿಂಗ್ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಸಂಜೆ ಮನೆಯವರು ಬಂದು ಬಾವಿ ಹತ್ತಿರ ಶೂಟ್ ಮಾಡಿದರೆ ಇನ್ನೂ 1,000 ಅಂದರು. ಕೊಟ್ಟೆವು. ಆ ಬಾವಿ ಕಾಣೋದು ಒಂದೇ ಸೆಕೆಂಡು, ಜನ ಬೆಚ್ಚಿಬೀಳೋದು ಅಲ್ಲೇ.

ಕಟ್‌ಪಾಯಿಂಟ್: ದುಡ್ಡಿನ ಲೆಕ್ಕ ಆಮೇಲೆ. ನಾನು ಟ್ರೇಲರ್‌ಗಳನ್ನು ಮ್ಯೂಟ್ ಮಾಡಿ ನೋಡಿ, ಪ್ರತಿ ಶಾಟ್ ಎಷ್ಟು ಸೆಕೆಂಡ್ ಅಂತ ಬರೆದುಕೊಂಡೆ. ಹಾರರ್‌ನಲ್ಲಿ ಶುರುವಿನ ಶಾಟ್‌ಗಳು ಉದ್ದ. ಹೊಸ ಮನೆ, ನಗು, ಊಟ. ಆಮೇಲೆ ಕಪ್ಪು ಪರದೆ. ಅಲ್ಲಿಂದ ಶಾಟ್‌ಗಳು ಗಿಡ್ಡವಾಗುತ್ತಾ ಹೋಗುತ್ತವೆ. ಟೈಟಲ್ ಬಂತು, ಮುಗಿಯಿತು ಅನ್ನುವಾಗ ಇನ್ನೊಂದು ಶಾಟ್. ಇಷ್ಟು ಗೊತ್ತಿದ್ದರೆ ಬಾವಿಗೆ 1,000 ಸುರಿಯಬೇಕಿರಲಿಲ್ಲ.

ಮಳೆಹುಡುಗಿ: ಸರ್, ನೀವು ಹೇಳಿದ ಆ ಇನ್ನೊಂದು ಶಾಟೇ ನಮ್ಮ ಬಾವಿ. ನೋಡದೆ ಮಾತಾಡಬೇಡಿ.

ತುಂಗಾತೀರ: ಹಾರರ್ ಟ್ರೇಲರನ್ನು ಮ್ಯೂಟ್ ಮಾಡಿ ನೋಡೋದಾ? ಅರ್ಧ ಭಯ ಇರೋದೇ ಶಬ್ದದಲ್ಲಿ. ಟೀಮಿನವನೊಬ್ಬ ಫ್ರೀ ಅಂತ ತಂದ ಮ್ಯೂಸಿಕ್‌ಗೆ ಇಡೀ ಟ್ರೇಲರ್ ಎಡಿಟ್ ಮಾಡಿದ್ದೆ. ಯೂಟ್ಯೂಬ್‌ಗೆ ಹಾಕಿದ ರಾತ್ರಿಯೇ ಕಾಪಿರೈಟ್ ಕ್ಲೇಮ್. ಕೀಬೋರ್ಡ್ ನುಡಿಸುವ ಹುಡುಗನಿಗೆ 5,000 ಕೊಟ್ಟು ಹೊಸದು ಮಾಡಿಸಿದೆ. ಬೀಟ್ ಬದಲಾಯಿತು, ಕಟ್‌ಗಳೆಲ್ಲ ಮೊದಲಿಂದ. ಮ್ಯೂಸಿಕ್ ಕೈಗೆ ಬರದೆ ಕ್ಯಾಮೆರಾ ಹಿಡಿಯಬೇಡಿ.

ಕಟ್‌ಪಾಯಿಂಟ್: 1960ರ ಸೈಕೋ ಸಿನಿಮಾದ ಟ್ರೇಲರ್ ನೋಡಿ. ನಿರ್ದೇಶಕ ಹಿಚ್‌ಕಾಕ್ ಸೆಟ್ ತೋರಿಸುತ್ತಾ ಮಾತಾಡುತ್ತಾ ಹೋಗುತ್ತಾರೆ, ಆರು ನಿಮಿಷಕ್ಕೂ ಜಾಸ್ತಿ. ಬೀಟ್ ಎಲ್ಲಿದೆ ಅಲ್ಲಿ?

ತುಂಗಾತೀರ: ಹಿಚ್‌ಕಾಕ್ ಆಗಲೇ ಮನೆಮಾತು. ಹೆಸರೇ ಗೊತ್ತಿಲ್ಲದ ಹುಡುಗರ ಮಾತನ್ನು ಆರು ನಿಮಿಷ ಯಾರು ಕೇಳುತ್ತಾರೆ?

ಅಕ್ಷರಪ್ರಿಯ: ಟೈಟಲ್ ಬಗ್ಗೆ ಯಾರೂ ಮಾತಾಡಿಲ್ಲ. ಕನ್ನಡ ಟ್ರೇಲರಿಗೆ ಇಂಗ್ಲಿಷ್ ಟೈಟಲ್ ಕಾರ್ಡ್ ಯಾಕೆ? ಒತ್ತಕ್ಷರ ಒಡೆದು ಕಂಡರೆ ಯೂನಿಕೋಡ್ ಫಾಂಟ್ ಹಾಕಿ, ಎಡಿಟಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಇದ್ದರೆ ಆನ್ ಮಾಡಿ. ನಾನಂತೂ 1,500 ಕೊಟ್ಟು ಕೈಯಲ್ಲೇ ಬರೆಸಿದೆ. ಈಗಲೂ ಅದೇ ನನಗೆ ಹೆಮ್ಮೆ.

ಕಟ್‌ಪಾಯಿಂಟ್: ಫೋನಿನಲ್ಲಿ ಕೈಬರಹ ಓದೋಕೆ ಆಗಲ್ಲ.

ಅಕ್ಷರಪ್ರಿಯ: ಓದುವಷ್ಟು ಹೊತ್ತು ಕಾರ್ಡ್ ನಿಲ್ಲಿಸಿ ಸ್ವಾಮಿ. ನಿಮ್ಮ ಸೆಕೆಂಡಿನ ಪಟ್ಟಿಯಲ್ಲಿ ಅದಕ್ಕೂ ಜಾಗ ಇರಲಿ.